ಮೂಲೆಯಲ್ಲಿ ಸಿಕ್ಕಿಕೊಳ್ಳದೆ ಪೆಟ್ಟಿಗೆ ಹೊಲಿಯುವುದು

ಪ್ರಶ್ನೆ: ಚೌಕ, ಪಟ್ಟಿ, ಅರ್ಧ ಚೌಕದ ತ್ರಿಕೋನ (ಎರಡು ತ್ರಿಕೋನ ಸೇರಿಸಿದ ಚೌಕ), ಇಷ್ಟರಲ್ಲಿ ಕೈ ಪಳಗಿದೆ. ಬಟ್ಟೆಯ ತುಂಡು ಜೋಡಿಸಿ ಮಾಡುವ ಹೊದಿಕೆ, ಅಂದರೆ ಕ್ವಿಲ್ಟ್, ಆರೇಳು ಮುಗಿಸಿದ್ದೇನೆ. ಆದರೆ ಪೆಟ್ಟಿಗೆ ಪೇರಿಸಿಟ್ಟ ಹಾಗೆ ಕಾಣುವ ಟಂಬ್ಲಿಂಗ್ ಬ್ಲಾಕ್ಸ್ ಮಾಡಲು ಹೋಗಿ ಸೋತೆ. ಮೂರು ಡೈಮಂಡ್ ಕೂಡುವ ನಡುಬಿಂದುವಿನಲ್ಲಿ ಒಮ್ಮೆ ಸುಕ್ಕು, ಒಮ್ಮೆ ತೂತು. ಒಂಬತ್ತು ಬ್ಲಾಕ್ (ಮೂರು ಡೈಮಂಡ್ ಸೇರಿದ ಒಂದೊಂದು ಪೆಟ್ಟಿಗೆ) ಮಾಡಿ, ಬೇಸರ ಬಂದು ಡಬ್ಬಕ್ಕೆ ಹಾಕಿ ಮುಚ್ಚಿಟ್ಟಿದ್ದೇನೆ. ಇದಕ್ಕೆ ಸುಲಭದ ದಾರಿ ಇದೆಯೇ? ಸುಲಭದ್ದನ್ನು ಹಿಡಿದರೆ ಆ ಮೂರು ಆಯಾಮದ ನೋಟ ಮಂಕಾಗುತ್ತದೆಯೇ?

ಉತ್ತರ: ದಾರಿ ಇದೆ, ನೋಟ ಮಂಕಾಗುವುದೂ ಇಲ್ಲ. ಆ ಒಂಬತ್ತು ಬ್ಲಾಕುಗಳನ್ನು ಮಾತ್ರ ಎಸೆಯಬೇಡಿ, ಅವಕ್ಕೂ ಒಂದು ಕೆಲಸವಿದೆ. ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನೀವು ಸಿಕ್ಕಿಕೊಂಡ ಜಾಗವನ್ನೇ ನೋಡೋಣ. ಟಂಬ್ಲಿಂಗ್ ಬ್ಲಾಕಿನಲ್ಲಿ ಮೂರು ಡೈಮಂಡ್‌ಗಳ ಅಗಲ ಮೂಲೆಗಳು, ಅಂದರೆ 120 ಡಿಗ್ರಿಯವು, ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಎರಡು ಡೈಮಂಡ್ ಜೋಡಿಸುವುದು ಸಲೀಸು, ಒಂದು ನೇರ ಹೊಲಿಗೆ ಅಷ್ಟೆ. ಮೂರನೆಯದನ್ನು ಮಾತ್ರ ಆ ಎರಡರ ನಡುವಿನ ಒಳಮೂಲೆಗೆ ಕೂರಿಸಬೇಕು. ಅರ್ಧ ಹೊಲಿದು, ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ಹೊಲಿಯಬೇಕು. ಹೊಲಿಗೆ ಗೆರೆಗಳು ಇಂಗ್ಲಿಷ್ ಅಕ್ಷರದ ಆಕಾರ ತಾಳುವುದರಿಂದ ಇದಕ್ಕೆ ವೈ-ಸೀಮ್ ಅನ್ನುತ್ತಾರೆ. ಹೊಲಿಗೆ ಯಂತ್ರಕ್ಕೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಓಡುವುದು ಇಷ್ಟ. ನಡುದಾರಿಯಲ್ಲಿ, ಅದೂ ಒಂದು ಚುಕ್ಕೆಯ ಮೇಲೆ ಕರಾರುವಾಕ್ಕಾಗಿ ನಿಲ್ಲು ಅಂದರೆ ಅದಕ್ಕೆ ಆಗಿಬರುವುದಿಲ್ಲ.

ಇನ್ನೊಂದು ಸಂಗತಿ, ನೀವು ಒಂಬತ್ತಕ್ಕೇ ನಿಲ್ಲಿಸಿದ್ದರಿಂದ ನಿಮ್ಮ ಅನುಭವಕ್ಕೆ ಬಂದಿರಲಾರದು. ಬ್ಲಾಕಿನೊಳಗಿನ ವೈ-ಸೀಮ್ ಬರೀ ಮುನ್ನುಡಿ. ಆ ಆರು ಮೂಲೆಯ ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸಲು ಹೊರಟರೆ ಪ್ರತಿ ಮೂಲೆಯಲ್ಲೂ ಮತ್ತೆ ಅದೇ ಕಥೆ. ಒಂಬತ್ತೂ ಚೆನ್ನಾಗಿ ಬಂದಿದ್ದರೆ ಇನ್ನಷ್ಟು ದೂರ ಹೋಗಿ ಸೋಲುತ್ತಿದ್ದಿರಿ. ಹಾಗಾಗಿ ಬೇಗ ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಈಗ ನಿಮ್ಮ ಎರಡನೇ ಅನುಮಾನ. ಉಬ್ಬಿದಂತೆ ಕಾಣುವುದು ಬಣ್ಣದ ತೂಕದಿಂದ. ಒಂದು ಮುಖ ತಿಳಿ, ಒಂದು ನಡು, ಒಂದು ಗಾಢ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ತಿಳಿ ಮುಖ ಕಂಡರೆ ಮುಚ್ಚಳ, ಗಾಢ ಮುಖ ಕಂಡರೆ ನೆರಳಿನ ಪಕ್ಕ ಎಂದು ತಾನೇ ಓದಿಕೊಳ್ಳುತ್ತದೆ. ಇದರಲ್ಲಿ ದಾರಕ್ಕೆ ಪಾತ್ರವೇ ಇಲ್ಲ. ಇಟಲಿಯ ಪುರಾತನ ಊರು ಪೊಂಪೇಯ ಹೌಸ್ ಆಫ್ ದಿ ಫಾನ್ ಎಂಬ ಮನೆಯ ನೆಲದಲ್ಲಿ ಮೂರು ಬಣ್ಣದ ಕಲ್ಲುಗಳನ್ನು ಇದೇ ಡೈಮಂಡ್ ಆಕಾರಕ್ಕೆ ಕಡಿದು ಕೂರಿಸಿದ್ದಾರೆ. ವೆಸೂವಿಯಸ್ ಜ್ವಾಲಾಮುಖಿ ಕ್ರಿ.ಶ. 79ರಲ್ಲಿ ಆ ಊರನ್ನು ಮುಚ್ಚಿಹಾಕುವ ಮೊದಲೇ ಆ ಪೆಟ್ಟಿಗೆಗಳು ಅಲ್ಲಿದ್ದವು. ಕಲ್ಲಿನವನಿಗೆ ವೈ-ಸೀಮಿನ ತಲೆನೋವಿರಲಿಲ್ಲ ಅನ್ನುವುದೊಂದೇ ನಮ್ಮ ಹೊಟ್ಟೆಕಿಚ್ಚು.

ಬಣ್ಣದ ಲೆಕ್ಕ ತಪ್ಪಿದರೆ ಎಷ್ಟು ಅಚ್ಚುಕಟ್ಟಾಗಿ ಹೊಲಿದರೂ ಪೆಟ್ಟಿಗೆ ಎದ್ದು ಕೂರುವುದಿಲ್ಲ. ಅಂಗಡಿಯಲ್ಲಿ ಹಸಿರು, ನೀಲಿ, ಕೆಂಪು ಎಂದು ಮೂರು ಬಣ್ಣ ಆರಿಸಿದರೆ ಬೇರೆ ಬೇರೆ ಅನಿಸುತ್ತದೆ. ಫೋನಿನಲ್ಲಿ ಮೂರನ್ನೂ ಒಟ್ಟಿಗೆ ಇಟ್ಟು ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ಆ ಕೆಂಪು, ಆ ಹಸಿರು ಎರಡೂ ಒಂದೇ ಬೂದಿ ಬಣ್ಣವಾಗಿ ಕಂಡರೆ ಒಂದನ್ನು ವಾಪಸ್ ಇಡಿ. ಹೆಚ್ಚಿನವರು ತಿಳಿಯನ್ನು ಸರಿಯಾಗಿ ಆರಿಸುತ್ತಾರೆ, ನಡು ಮತ್ತು ಗಾಢವನ್ನು ತೀರಾ ಹತ್ತಿರ ತಂದುಬಿಡುತ್ತಾರೆ. ಆಗ ಬರುವುದು ಪೆಟ್ಟಿಗೆಯಲ್ಲ, ಮಡಚಿದ ಕಾಗದದಂಥ ಒಂದು ಆಕಾರ. ದೊಡ್ಡ ಹೂವಿನ ಅಚ್ಚೂ ಹಾಗೆಯೇ. ಬಿಳಿ ಹೂವು, ಕಪ್ಪು ನೆಲ ಇರುವ ಬಟ್ಟೆಯನ್ನು ಡೈಮಂಡ್ ಆಗಿ ಕತ್ತರಿಸಿದರೆ ಒಂದು ತುಂಡು ತಿಳಿಯಾಗಿ, ಪಕ್ಕದ್ದು ಗಾಢವಾಗಿ ಬರುತ್ತದೆ, ಕಣ್ಣಿಗೆ ದಿಕ್ಕೇ ತಪ್ಪುತ್ತದೆ. ಪ್ಲೇನ್ ಬಟ್ಟೆ, ಇಲ್ಲವೇ ಅದೇ ಬಣ್ಣದಲ್ಲಿ ಸಣ್ಣ ಅಚ್ಚು ಇರುವ ಬಟ್ಟೆ ತೆಗೆದುಕೊಳ್ಳಿ.

ಈ ಪೆಟ್ಟಿಗೆ ಒಮ್ಮೆ ಹೊರಕ್ಕೆ ಉಬ್ಬಿದಂತೆ, ಮರುಕ್ಷಣ ಒಳಕ್ಕೆ ತಗ್ಗಿದಂತೆ ಕಾಣುವುದುಂಟು. ಗೆರೆಯಲ್ಲಿ ಬರೆದ ಘನಾಕೃತಿ ಹೀಗೆ ಮಗುಚಿಕೊಳ್ಳುವುದನ್ನು ಸ್ವಿಸ್ ಸ್ಫಟಿಕ ವಿಜ್ಞಾನಿ ಲೂಯಿ ಆಲ್ಬರ್ಟ್ ನೆಕ್ಕರ್ 1832ರಲ್ಲಿ ವಿವರಿಸಿದ್ದರು. ಅದು ನಿಮ್ಮ ತಪ್ಪಲ್ಲ. ಕ್ವಿಲ್ಟ್ ಉದ್ದಕ್ಕೂ ತಿಳಿ ಮೇಲೆ, ನಡು ಎಡಕ್ಕೆ, ಗಾಢ ಬಲಕ್ಕೆ ಎಂದು ಒಂದೇ ಕ್ರಮ ಹಿಡಿದಿದ್ದರೆ ಸಾಕು.

ಅಂದ ಮೇಲೆ, ಮೂರು ಮುಖಗಳ ಬಣ್ಣ ಸರಿಯಿದ್ದರೆ ಒಂದು ಮುಖದ ಮಧ್ಯದಲ್ಲಿ ಇನ್ನೊಂದು ಹೊಲಿಗೆ ಹಾದುಹೋದರೂ ಕಣ್ಣು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸುಲಭದ ವಿಧಾನಗಳೆಲ್ಲ ನಿಂತಿರುವುದು ಇದರ ಮೇಲೆ. ಒಳಮೂಲೆಯಲ್ಲಿ ತಿರುಗಬೇಕಾದ ಹೊಲಿಗೆಯನ್ನು ಕಣ್ಣಿಗೆ ಬೀಳದ ಜಾಗಕ್ಕೆ ಸರಿಸಿ, ನೇರವಾಗಿ ಓಡಿಸುವುದು.

ಅರ್ಧ ಚೌಕದ ತ್ರಿಕೋನ ಮಾಡಲು ಬರುತ್ತದೆ ಎಂದಿರಿ. ಹಾಗಾದರೆ ಈ ವಾರಾಂತ್ಯಕ್ಕೇ ಒಂದು ಪೆಟ್ಟಿಗೆ ಮಾಡಬಹುದು. ಇದರಲ್ಲಿ 60 ಡಿಗ್ರಿಯ ಸುದ್ದಿಯಿಲ್ಲ, ಎಲ್ಲ 45 ಮತ್ತು 90. ಎದುರಿಗೆ ಒಂದು ಚೌಕ ಮುಖ, ಮೇಲೆ ಓರೆಯಾದ ಮುಚ್ಚಳ, ಬಲಕ್ಕೆ ಓರೆಯಾದ ಪಕ್ಕ. ಮಕ್ಕಳು ಪಾಟಿಯ ಮೇಲೆ ಬರೆಯುವ ಪೆಟ್ಟಿಗೆಯ ಹಾಗೆ.

ಮುಗಿದ ಮೇಲೆ 6 ಇಂಚಿನ ಬ್ಲಾಕ್ ಬರಬೇಕಾದರೆ ಅಳತೆ ಹೀಗೆ. ಮುಖಕ್ಕೆ ನಡು ಬಣ್ಣದಲ್ಲಿ 4½ ಇಂಚಿನ ಚೌಕ. ಮುಚ್ಚಳಕ್ಕೆ ತಿಳಿ ಬಣ್ಣದ 2½ × 4½ ಪಟ್ಟಿ, ಪಕ್ಕಕ್ಕೆ ಗಾಢ ಬಣ್ಣದ ಅದೇ ಅಳತೆಯ ಪಟ್ಟಿ. ಹಿನ್ನೆಲೆಯ ಬಟ್ಟೆಯಲ್ಲಿ 2½ ಇಂಚಿನ ಎರಡು ಚೌಕ. ಮೂಲೆಗೆ ತಿಳಿ ಮತ್ತು ಗಾಢ ಸೇರಿದ ಅರ್ಧ ಚೌಕದ ತ್ರಿಕೋನ ಒಂದು. 2⅞ ಇಂಚಿನ ಒಂದು ತಿಳಿ, ಒಂದು ಗಾಢ ಚೌಕದಿಂದ ಇಂಥವು ಎರಡು ಬರುತ್ತವೆ, ಎರಡು ಬ್ಲಾಕಿಗೆ ಆಯಿತು.

ತಿಳಿ ಪಟ್ಟಿಯನ್ನು ಅಡ್ಡಲಾಗಿ ಇಟ್ಟು ಅದರ ಎಡ ತುದಿಯ ಮೇಲೆ ಹಿನ್ನೆಲೆಯ ಚೌಕವನ್ನು ಬಟ್ಟೆಗಳ ಮುಂಬದಿಗೆ ಮುಂಬದಿ ತಾಗುವಂತೆ ಇಡಿ. ಚೌಕದ ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಗೆ ಗೆರೆ ಎಳೆದು ಅದರ ಮೇಲೆಯೇ ಹೊಲಿಯಿರಿ. ಗೆರೆಯ ಮೇಲ್ಭಾಗದಲ್ಲಿ ಕಾಲು ಇಂಚು ಬಿಟ್ಟು ಕತ್ತರಿಸಿ, ಹಿನ್ನೆಲೆಯನ್ನು ಎಡಕ್ಕೆ ಮಗುಚಿ ಇಸ್ತ್ರಿ ಮಾಡಿ. ಗಾಢ ಪಟ್ಟಿಯನ್ನು ಉದ್ದಕ್ಕೆ ನಿಲ್ಲಿಸಿಕೊಂಡು ಅದರ ಕೆಳತುದಿಯಲ್ಲಿ ಇನ್ನೊಂದು ಹಿನ್ನೆಲೆ ಚೌಕ ಇಡಿ. ಗೆರೆ ಅದೇ ದಿಕ್ಕಿಗೆ, ಎಡ ಕೆಳಗಿನಿಂದ ಬಲ ಮೇಲಕ್ಕೆ. ಈ ಸಲ ಕತ್ತರಿಸುವುದು ಗೆರೆಯ ಕೆಳಭಾಗ. ಗಾಢ ಪಟ್ಟಿಯನ್ನು ಚೌಕ ಮುಖದ ಬಲಕ್ಕೆ ಹೊಲಿಯಿರಿ. ಮೂಲೆಯ ತುಂಡನ್ನು ತಿಳಿ ಪಟ್ಟಿಯ ಬಲ ತುದಿಗೆ ಹೊಲಿಯಿರಿ, ಅದರ ತಿಳಿ ಭಾಗ ತಿಳಿ ಪಟ್ಟಿಯ ಕಡೆಗೆ ಇರಲಿ. ಕೊನೆಗೆ ಎರಡು ಸಾಲನ್ನು ಜೋಡಿಸಿ.

ಜೋಡಿಸುವ ಮೊದಲು ಮೇಜಿನ ಮೇಲೆ ಹರಡಿ ಒಂದೇ ಒಂದು ಪರೀಕ್ಷೆ ಮಾಡಿ: ಮೂರು ಓರೆಗೆರೆಗಳೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದು ಅಡ್ಡ ತಿರುಗಿದ್ದರೆ ಆ ತುಂಡನ್ನು ಮಗುಚಿ ಇಟ್ಟಿದ್ದೀರಿ. ಎಷ್ಟು ಸಲ ಮಾಡಿದರೂ ನನಗೆ ಮೂಲೆಯ ತುಂಡು ಐದರಲ್ಲಿ ಒಮ್ಮೆ ತಿರುಗಿಯೇ ಬರುತ್ತದೆ.

ಇದೇ ಬ್ಲಾಕಿನಲ್ಲಿ ಆ ಎರಡು ಹಿನ್ನೆಲೆ ಚೌಕಗಳನ್ನು ಬಿಟ್ಟುಬಿಟ್ಟರೆ ಅಟಿಕ್ ವಿಂಡೋಸ್ ಆಗುತ್ತದೆ. ಮುಖದ ಜಾಗದಲ್ಲಿ ಯಾವುದಾದರೂ ಚಿತ್ರದ ಬಟ್ಟೆ ಇಟ್ಟು ಬ್ಲಾಕನ್ನು ತಿರುಗಿಸಿಕೊಂಡರೆ ಕಿಟಕಿ, ಎರಡು ಪಟ್ಟಿ ಕಿಟಕಿಯ ಗೋಡೆಯ ದಪ್ಪ. ಹಳೆಯ ಕ್ರಮದಲ್ಲಿ ಎರಡು ಪಟ್ಟಿ ಕೂಡುವ ಮೂಲೆಯನ್ನು ಚಿತ್ರದ ಚೌಕಟ್ಟಿನ ಹಾಗೆ ಓರೆಯಾಗಿ ಸೇರಿಸಬೇಕಿತ್ತು, ಅದೂ ಒಂದು ವೈ-ಸೀಮ್. ಅಲ್ಲಿ ತ್ರಿಕೋನದ ತುಂಡು ಕೂರಿಸಿದರೆ ತಿರುಗುವ ಮಾತೇ ಇಲ್ಲ.

ಆದರೂ ನೀವು ಕೇಳಿದ್ದು ಟಂಬ್ಲಿಂಗ್ ಬ್ಲಾಕ್ಸ್. ಒಂದರ ಹೆಗಲಿಗೆ ಇನ್ನೊಂದು ಕೂತು ಇಡೀ ಕ್ವಿಲ್ಟ್ ಮೆಟ್ಟಿಲಿನ ಹಾಗೆ ಏರುವ ಆ ನೋಟ ಚೌಕದ ಪೆಟ್ಟಿಗೆಯಿಂದ ಬರುವುದಿಲ್ಲ ಎಂಬುದು ನಿಜ. ಅದಕ್ಕೆ ನಾನು ಹೇಳಿಕೊಡುವುದು ಕಂಬದ ವಿಧಾನ.

ಮೇಲಿನ ತಿಳಿ ಡೈಮಂಡ್ ಇದೆಯಲ್ಲ, ಅದನ್ನು ಮೇಲಿನಿಂದ ಕೆಳಕ್ಕೆ ನಡುವೆ ಸೀಳಿಬಿಡಿ. ಎರಡು ಸಮಭುಜ ತ್ರಿಕೋನ ಸಿಗುತ್ತವೆ. ಆ ಸೀಳು ಗೆರೆಯನ್ನು ಹಾಗೆಯೇ ಕೆಳಕ್ಕೆ ಎಳೆದರೆ ಅದು ನಡು ಮತ್ತು ಗಾಢ ಡೈಮಂಡ್‌ಗಳ ನಡುವಿನ ಹೊಲಿಗೆಯ ಮೇಲೆಯೇ ಹಾದುಹೋಗುತ್ತದೆ. ಬ್ಲಾಕ್ ಎರಡು ಹೋಳಾಯಿತು: ಎಡ ಹೋಳಿನಲ್ಲಿ ಒಂದು ತಿಳಿ ತ್ರಿಕೋನ, ಒಂದು ನಡು ಡೈಮಂಡ್. ಬಲ ಹೋಳಿನಲ್ಲಿ ಒಂದು ತಿಳಿ ತ್ರಿಕೋನ, ಒಂದು ಗಾಢ ಡೈಮಂಡ್. ಈ ಹೋಳುಗಳು ಒಂದರ ಕೆಳಗೊಂದು ಕೂತು ಉದ್ದನೆಯ ಕಂಬವಾಗುತ್ತವೆ: ತಿಳಿ, ನಡು, ತಿಳಿ, ಗಾಢ, ಮತ್ತೆ ತಿಳಿ, ನಡು, ತಿಳಿ, ಗಾಢ. ಕ್ವಿಲ್ಟಿನ ಎಲ್ಲ ಕಂಬಗಳೂ ಇದೇ ಸರಣಿ. ಒಂದು ಕಂಬ ನಡು ಬಣ್ಣದ ಹೋಳಿನಿಂದ ಶುರುವಾದರೆ ಪಕ್ಕದ್ದು ಗಾಢದ ಹೋಳಿನಿಂದ ಶುರುವಾಗುತ್ತದೆ, ವ್ಯತ್ಯಾಸ ಅಷ್ಟೇ. ಎರಡು ಕಂಬ ಪಕ್ಕಪಕ್ಕ ಬಂದಾಗ ಸೀಳಿದ ತಿಳಿ ಡೈಮಂಡ್ ಮತ್ತೆ ಕೂಡಿಕೊಳ್ಳುತ್ತದೆ. ಒಂದೇ ಒಂದು ಒಳಮೂಲೆ ಇಲ್ಲ. ನಂಬಿಕೆ ಬರದಿದ್ದರೆ ಕಾಗದದ ಮೇಲೆ ನಾಲ್ಕು ಬ್ಲಾಕ್ ಬರೆದು ಉದ್ದಕ್ಕೆ ಗೆರೆ ಎಳೆದು ನೋಡಿ.

ತಿಳಿಯನ್ನೇ ಏಕೆ ಸೀಳಬೇಕು, ಗಾಢದಲ್ಲಿ ಹೊಲಿಗೆ ಇನ್ನೂ ಚೆನ್ನಾಗಿ ಅಡಗುತ್ತದಲ್ಲ ಎಂದು ಕೇಳಬಹುದು. ಅಡಗುತ್ತದೆ. ಆದರೆ ಆಗ ಸಾಲುಗಳು ಓರೆಯಾಗಿ ಓಡುತ್ತವೆ, ಒಂದೊಂದು ಸಾಲೂ ಬೇರೆ ಬೇರೆ ಉದ್ದ, ಅಂಚು ನೇರ ಮಾಡುವಾಗ ಲೆಕ್ಕ ತಲೆ ತಿನ್ನುತ್ತದೆ. ತಿಳಿಗೆ ಪ್ಲೇನ್ ಬಟ್ಟೆ ಹಾಕಿ, ಅದೇ ಬಣ್ಣದ ದಾರ ಬಳಸಿದರೆ ಎರಡು ಹೆಜ್ಜೆ ದೂರದಿಂದ ಆ ಹೊಲಿಗೆ ಕಾಣುವುದಿಲ್ಲ. ಗೆರೆ ಇರುವ ಬಟ್ಟೆಯನ್ನು ಮಾತ್ರ ತಿಳಿಗೆ ಹಾಕಬೇಡಿ, ಗೆರೆಗಳು ಸೀಳಿನಲ್ಲಿ ಒಂದಕ್ಕೊಂದು ಕೂಡದೆ ಸೀಳು ಎದ್ದು ಕಾಣುತ್ತದೆ.

ಅಳತೆಗೆ ಬರೋಣ. ಒಂದು ಕಂಬ ಮುಗಿದ ಮೇಲೆ 3 ಇಂಚು ಅಗಲ ಇರಲಿ. ಡೈಮಂಡ್‌ಗೆ ಅದಕ್ಕೆ ಅರ್ಧ ಇಂಚು ಸೇರಿಸಿ 3½ ಇಂಚಿನ ಪಟ್ಟಿ, ತ್ರಿಕೋನಕ್ಕೆ ಮುಕ್ಕಾಲು ಇಂಚು ಸೇರಿಸಿ 3¾ ಇಂಚಿನ ಪಟ್ಟಿ. ಎರಡಕ್ಕೂ ಒಂದೇ ಪಟ್ಟಿ ಕತ್ತರಿಸಿ ಕೈಸುಟ್ಟುಕೊಂಡವರು ತುಂಬ ಜನ. ಸಮಭುಜ ತ್ರಿಕೋನದ ಸುತ್ತ ಹೊಲಿಗೆಗೆಂದು ಕಾಲು ಇಂಚು ಮಾರ್ಜಿನ್ ಬಿಟ್ಟರೆ ಬುಡದಲ್ಲಿ ಕಾಲು, ಮೂತಿಯಲ್ಲಿ ಅರ್ಧ, ಒಟ್ಟು ಮುಕ್ಕಾಲು ಇಂಚು ಎತ್ತರ ಹೆಚ್ಚುತ್ತದೆ. ಮೂತಿ ಮೊಂಡಾಗಿ ಕತ್ತರಿಸುವ ತ್ರಿಕೋನದ ರೂಲರ್ ನಿಮ್ಮಲ್ಲಿದ್ದರೆ ಅದು ಮೂತಿಯ ಕಾಲು ಇಂಚನ್ನು ಮೊದಲೇ ಕಳೆದಿರುತ್ತದೆ. ಆಗ ಎರಡಕ್ಕೂ 3½ ಇಂಚಿನ ಪಟ್ಟಿಯೇ ಸಾಕು.

12 ಕಂಬ, ಒಂದೊಂದರಲ್ಲಿ ಸರಣಿ ನಾಲ್ಕು ಸಲ. ಅಂಚು ನೇರ ಮಾಡಿದ ಮೇಲೆ ಸುಮಾರು 36 × 39 ಇಂಚು, ಮಗುವಿನ ಹೊದಿಕೆಯ ಅಳತೆ. ಇದಕ್ಕೆ ನಡು ಡೈಮಂಡ್ 48, ಗಾಢ 48, ತಿಳಿ ತ್ರಿಕೋನ 96 ಬೇಕು. 40 ಇಂಚು ಉದ್ದದ ಪಟ್ಟಿಯಲ್ಲಿ 9 ಡೈಮಂಡ್ ಬರುತ್ತವೆ, ತ್ರಿಕೋನಗಳನ್ನು ತಲೆಕೆಳಗು ಮಾಡುತ್ತ ಕತ್ತರಿಸಿದರೆ 17. ಅಂದರೆ ಒಂದೊಂದು ಬಣ್ಣಕ್ಕೂ ಆರು ಪಟ್ಟಿ. ಮುಕ್ಕಾಲು ಗಜ ತಂದರೆ ಒಂದೆರಡು ತಪ್ಪಿಗೂ ಜಾಗ ಉಳಿಯುತ್ತದೆ.

ಡೈಮಂಡ್ ಕತ್ತರಿಸುವಾಗ ರೂಲರಿನ 60 ಡಿಗ್ರಿ ಗೆರೆಯನ್ನು ಪಟ್ಟಿಯ ಅಂಚಿಗೆ ಹೊಂದಿಸಿ ಮೊದಲ ಓರೆ ಕಟ್. ಆಮೇಲೆ ಆ ಓರೆ ಅಂಚಿನಿಂದ ಲಂಬವಾಗಿ 3½ ಇಂಚು ಅಳೆದು ಮುಂದಿನ ಕಟ್. ಪಟ್ಟಿಯ ಅಂಚಿನ ಮೇಲೆ 3½ ಅಳೆದರೆ ಕುಬ್ಜ ತುಂಡು ಬರುತ್ತದೆ. ಸರಿಯಾದ ತುಂಡಿನ ನಾಲ್ಕು ಬದಿಯೂ ಸಮ, ಒಂದೊಂದೂ 4 ಇಂಚಿಗಿಂತ ಕೂದಲೆಳೆ ಹೆಚ್ಚು.

ಇಲ್ಲಿ ಎಳೆಯ ವಿಷಯ ಬಿಡಿಸಿ ಹೇಳಬೇಕು. ಕಂಬದ ವಿಧಾನ ಪ್ರಯತ್ನಿಸಿ ಕೈಬಿಟ್ಟವರು ಎಡವಿದ್ದು ಹೆಚ್ಚಾಗಿ ಇಲ್ಲೇ. ಪಟ್ಟಿಯಿಂದ ಕತ್ತರಿಸಿದ ಡೈಮಂಡಿನ ಎರಡು ಬದಿ ನೇರ ಎಳೆ, ಅಂದರೆ ಬಟ್ಟೆಯ ನೂಲಿನ ಗುಂಟ, ಇನ್ನೆರಡು ಬದಿ ಓರೆ ಎಳೆ, ನೂಲಿಗೆ ಓರೆಯಾಗಿ. ಓರೆ ಎಳೆ ಎಳೆದಷ್ಟು ಹಿಗ್ಗುತ್ತದೆ. ಕಂಬದ ಉದ್ದನೆಯ ಅಂಚುಗಳಲ್ಲಿ ಓರೆ ಎಳೆ ಬಂದರೆ ಕಂಬ ರಬ್ಬರಿನಂತಾಗಿ ಒಂದು 42 ಇಂಚು, ಪಕ್ಕದ್ದು 43 ಇಂಚು ಆಗುತ್ತದೆ. ಹಾಗಾಗಿ ನೇರ ಎಳೆ ಕಂಬದ ಅಂಚಿಗೇ ಬರಬೇಕು. ನಡು ಡೈಮಂಡ್ ಒಂದು ಕಡೆ ವಾಲುತ್ತದೆ, ಗಾಢ ಡೈಮಂಡ್ ಇನ್ನೊಂದು ಕಡೆ. ಅಂದರೆ ಒಂದು ಬಣ್ಣವನ್ನು ಬಲಕ್ಕೆ ವಾಲಿಸಿ, ಇನ್ನೊಂದನ್ನು ಎಡಕ್ಕೆ ವಾಲಿಸಿ ಕತ್ತರಿಸಬೇಕು.

ನನ್ನ ಮೊದಲ ಸಲ ನಾನು ಪಟ್ಟಿಯನ್ನು ಎಂದಿನಂತೆ ಎರಡು ಮಡಿಕೆ ಮಾಡಿ ಕತ್ತರಿಸಿದೆ. ಮಡಿಕೆಯ ಮೇಲಿನ ಪದರ ಒಂದು ಕಡೆ, ಕೆಳಗಿನ ಪದರ ಇನ್ನೊಂದು ಕಡೆ ವಾಲಿ, ಎರಡು ಬಣ್ಣದಲ್ಲೂ ಅರ್ಧದಷ್ಟು ತುಂಡು ಉಲ್ಟಾ. ಆಕಾರ ಒಂದೇ ಆದ್ದರಿಂದ ಗೊತ್ತೇ ಆಗಲಿಲ್ಲ, ಹೊಲಿದೆ. ಮುಗಿದ ಕ್ವಿಲ್ಟಿನ ಅಂಚು ಅಲೆ ಅಲೆಯಾಗಿ ಕುಣಿಯಿತು. ಅದನ್ನು ಈಗಲೂ ಗೋಡೆಗೆ ಹಾಕುವುದಿಲ್ಲ, ಕುರ್ಚಿಯ ಮೇಲೆ ಹರಡುತ್ತೇನೆ.

ಇದಕ್ಕೆ ಸುಲಭ ಉಪಾಯ ಆಮೇಲೆ ಹೊಳೆಯಿತು. ನಡು ಬಣ್ಣದ ಪಟ್ಟಿಯನ್ನು ಮಡಿಕೆ ಇಲ್ಲದೆ, ಮುಂಬದಿ ಮೇಲೆ ಮಾಡಿ ಹಾಸಿ. ಅದರ ಮೇಲೆ ಗಾಢ ಪಟ್ಟಿಯನ್ನು ಮುಂಬದಿ ಕೆಳಗೆ ಮಾಡಿ ಇಡಿ. ರೂಲರಿನ ಮೇಲ್ತುದಿ ಬಲಕ್ಕೆ ವಾಲುವಂತೆ ಇಟ್ಟು ಎರಡನ್ನೂ ಒಟ್ಟಿಗೆ ಕತ್ತರಿಸಿ. ಗಾಢದ್ದನ್ನು ಮಗುಚಿದಾಗ ತಾನಾಗಿ ಎದುರು ದಿಕ್ಕಿಗೆ ವಾಲಿರುತ್ತದೆ. ಯೋಚನೆ ಮಾಡುವ ಅಗತ್ಯವೇ ಇಲ್ಲ. ತ್ರಿಕೋನಗಳಿಗೆ ಈ ಗೋಜಿಲ್ಲ. ಪಟ್ಟಿಯ ಅಂಚಿಗೆ ತಾಗಿದ್ದ ಬದಿ ನೇರ ಎಳೆಯದು, ಅದಕ್ಕೆ ಚಾಕ್‌ನಿಂದ ಒಂದು ಗುರುತು ಹಾಕಿಡಿ, ಕಂಬದ ಅಂಚಿಗೆ ಆ ಬದಿ ಬರಲಿ. ಕತ್ತರಿಸುವ ಮೊದಲು ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಓರೆ ಅಂಚೂ ಹೇಳಿದ ಮಾತು ಕೇಳುತ್ತದೆ.

ಹೊಲಿಗೆ. ಮೊದಲು ಜೋಡಿಗಳು: 48 ತಿಳಿ-ನಡು, 48 ತಿಳಿ-ಗಾಢ. ತ್ರಿಕೋನದ ನೇರ ಎಳೆಯ ಬದಿಗೆ ಎದುರಾಗಿ ಒಂದು ಮೂತಿ ಇರುತ್ತದಲ್ಲ, ಡೈಮಂಡಿನ ಚೂಪು ತುದಿ ಆ ಮೂತಿಯ ಮೇಲೆ ಸರಿಯಾಗಿ ಕೂರಬೇಕು, ಚೂಪಿಗೆ ಚೂಪು. ಆಗ ಇನ್ನೊಂದು ತುದಿಯಲ್ಲಿ ತ್ರಿಕೋನದ ಮೂತಿ ಡೈಮಂಡಿನ ಅಗಲ ಮೂಲೆಯಿಂದ ಕಾಲು ಇಂಚಿಗಿಂತ ತುಸು ಹೆಚ್ಚು ಹೊರಗೆ ಚಾಚುತ್ತದೆ. ಅಂಚುಗಳು ಎರಡೂ ಕಡೆ ಸಮ ಬರಲೆಂದು ಅದನ್ನು ನಡುವಿಗೆ ಎಳೆದು ಕೂರಿಸುವ ಆಸೆಯಾಗುತ್ತದೆ, ಬೇಡ. ಆ ಚಾಚು ಇರಲೇಬೇಕು. ಹೊರಚಾಚಿದ ಮೂತಿ ಮತ್ತು ಅಗಲ ಮೂಲೆ ಕೂಡುವಲ್ಲಿ ಒಂದು ಸಣ್ಣ ಕಚ್ಚು ಕಾಣುತ್ತದೆ, ಸೂಜಿ ಕಾಲು ಇಂಚಿನ ಗೆರೆಯಲ್ಲಿ ಬಂದು ಸರಿಯಾಗಿ ಆ ಕಚ್ಚಿನೊಳಗೆ ಇಳಿದರೆ ಜೋಡಿ ಸರಿ. ಮೊಂಡು ಮೂತಿಯ ರೂಲರಿನಲ್ಲಿ ಕತ್ತರಿಸಿದ್ದರೆ ಮೊಂಡಾದ ತುದಿ ಚೂಪಿನ ಕಡೆಗೆ ಹೋಗಲಿ, ಚಾಚುವ ಮೂತಿ ಪೂರ್ತಿ ಇರಲಿ.

ಜೋಡಿಗಳನ್ನು ಕಂಬಕ್ಕೆ ಸೇರಿಸುವಾಗ ತ್ರಿಕೋನದ ಒಂದು ಮೂತಿ ಆಗಲೇ ಹೊಲಿಗೆಯಲ್ಲಿ ಹೋಗಿರುತ್ತದೆ. ಆದ್ದರಿಂದ ಇನ್ನೊಂದು ತುದಿಯನ್ನು ನೋಡಿ ಹೊಂದಿಸಿ. ಅಲ್ಲೂ ತ್ರಿಕೋನದ ಬಿಡಿ ಮೂತಿ ಅಷ್ಟೇ ಹೊರಗೆ ಚಾಚಿರಬೇಕು. ಕಂಬ ಮುಗಿದ ಮೇಲೆ ಚಾಚಿದ ಕಿವಿಗಳನ್ನೆಲ್ಲ ಕತ್ತರಿಸಿ ಹಾಕಿ.

ಕಂಬಕ್ಕೆ ಕಂಬ ಜೋಡಿಸುವುದೊಂದೇ ಉಳಿದ ಕಷ್ಟ. ಮೊದಲ ಕಂಬದ ಅಂಚಿನಲ್ಲಿ ಮೂರೂವರೆ ಇಂಚಿಗೊಂದರಂತೆ ಸಂದು ಬರುತ್ತದೆ, ಎರಡನೇ ಕಂಬದಲ್ಲೂ ಅಷ್ಟೇ. ಸಾಲಾಗಿ ಎರಡು ಸಂದಿನಲ್ಲಿ ನಾಲ್ಕು ನಾಲ್ಕು ತುಂಡು ಕೂಡಿದರೆ ಮೂರನೆಯದರಲ್ಲಿ ಆರು ಕೂಡುತ್ತವೆ. ಆರು ಕೂಡುವಲ್ಲಿ ಮೊದಲು ಪಿನ್ ಹಾಕಿ: ಪಿನ್ನನ್ನು ಒಂದು ಕಂಬದ ಸಂದುಬಿಂದುವಿನಲ್ಲಿ ನೆಟ್ಟಗೆ ಚುಚ್ಚಿ, ಇನ್ನೊಂದರ ಸಂದುಬಿಂದುವಿನಲ್ಲಿ ಹೊರತೆಗೆದು, ಅದನ್ನು ಹಾಗೇ ನಿಲ್ಲಿಸಿ ಅದರ ಎರಡು ಪಕ್ಕ ಎರಡು ಪಿನ್ ಹಾಕಿ, ನಡುವಿನದನ್ನು ತೆಗೆಯಿರಿ. ನಾಲ್ಕು ಕೂಡುವಲ್ಲಿ ಒಂದು ಪಿನ್ ಸಾಕು. ಇಸ್ತ್ರಿ ಮಾಡುವಾಗ ಹೊಲಿಗೆಯ ಮಾರ್ಜಿನ್ ಅಗಲಿಸಿ ಎರಡು ಕಡೆಗೂ ಒತ್ತಿ. ಒಂದೇ ಕಡೆಗೆ ಮಲಗಿಸಿದರೆ ಆರು ತುಂಡಿನ ಗಂಟು ಗೋಲಿಯ ಹಾಗೆ ಎದ್ದು ನಿಲ್ಲುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಇಟ್ಟು ಎತ್ತಿ ಇಟ್ಟು ಒತ್ತಿ.

ಎಲ್ಲ ಜೋಡಿಸಿದ ಮೇಲೆ ಮೇಲೂ ಕೆಳಗೂ ಅಂಚು ಗರಗಸದ ಹಾಗೆ ಇರುತ್ತದೆ. ಉದ್ದ ರೂಲರ್ ಇಟ್ಟು ನೇರ ಕತ್ತರಿಸಿ. ಮೇಲಿನ ಸಾಲಿನ ಮುಚ್ಚಳಗಳ ಮೇಲರ್ಧ ಹೋಗುತ್ತದೆ, ಹೋಗಲಿ, ಚೌಕಟ್ಟಿನಾಚೆಗೂ ಪೆಟ್ಟಿಗೆಗಳು ಮುಂದುವರಿದಿವೆ ಅನಿಸುತ್ತದೆ. ಕತ್ತರಿಸಿದ ಅಂಚಿನಲ್ಲಿ ಈಗ ಹೊಲಿಗೆಗಳ ತುದಿ ಬಯಲಾಗಿದೆ, ಆ ದಿನವೇ ಅಂಚಿನ ಒಳಗೆ ಒಂದು ಸುತ್ತು ಸಾದಾ ಹೊಲಿಗೆ ಹಾಕಿಬಿಡಿ.

ಇದೆಲ್ಲಕ್ಕೂ ಮೊದಲು ನಿಮ್ಮ ಯಂತ್ರದ ಕಾಲು ಇಂಚು ನಿಜವಾಗಿಯೂ ಕಾಲು ಇಂಚೇ ಎಂದು ನೋಡಿಕೊಳ್ಳಿ. 1½ ಇಂಚಿನ ಮೂರು ಪಟ್ಟಿ ಪಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿದರೆ ನಡುವಿನ ಪಟ್ಟಿ ಕರಾರುವಾಕ್ಕಾಗಿ 1 ಇಂಚು, ಒಟ್ಟು ಅಗಲ 3½ ಬರಬೇಕು. ಚೌಕದ ಬ್ಲಾಕುಗಳಲ್ಲಿ ಒಂದು ನೂಲಿನ ತಪ್ಪು ಹೇಗೋ ಜೀರ್ಣವಾಗುತ್ತದೆ. ಒಂದು ಕಂಬದಲ್ಲಿ 15 ಅಡ್ಡ ಹೊಲಿಗೆ ಇರುವಾಗ ಅದೇ ನೂಲು ಅರ್ಧ ಇಂಚಾಗಿ ಕೂರುತ್ತದೆ.

ಕೈಹೊಲಿಗೆ ಇಷ್ಟವಿದ್ದರೆ ಕಾಗದದ ಅಚ್ಚಿನ ದಾರಿಯೂ ಇದೆ, ಇಂಗ್ಲಿಷ್ ಪೇಪರ್ ಪೀಸಿಂಗ್ ಎನ್ನುತ್ತಾರೆ. ಒಂದೊಂದು ಡೈಮಂಡನ್ನೂ ದಪ್ಪ ಕಾಗದದ ಮೇಲೆ ಮಡಚಿ ಟಾಕು ಹಾಕಿ, ಅಂಚಿಗೆ ಅಂಚು ಸೇರಿಸಿ ಸಣ್ಣಗೆ ಸುತ್ತುಹೊಲಿಗೆ ಹಾಕುವುದು. ಅಲ್ಲಿ ಒಳಮೂಲೆ ಸಮಸ್ಯೆಯೇ ಅಲ್ಲ, ಒಂದು ಅಂಚು ಮುಗಿದರೆ ಮುಂದಿನದು. ಸಮಯ ಮಾತ್ರ ತಿಂಗಳ ಲೆಕ್ಕದಲ್ಲಿ. ಕೂತಲ್ಲಿ ಕೈಗೆ ಏನಾದರೂ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಕ್ವಿಲ್ಟ್ ಬೇಗ ಬೇಕು ಅನ್ನುವವರು ಹತ್ತಿರವೂ ಸುಳಿಯಬಾರದು.

ಈಗ ಡಬ್ಬದಲ್ಲಿರುವ ಒಂಬತ್ತು. ಅವನ್ನು ಉಲ್ಟಾ ಮಾಡಿ ನಡುಬಿಂದುವನ್ನು ನೋಡಿ. ತೂತು ಬಂದಿರುವಲ್ಲಿ ಹೊಲಿಗೆ ಚುಕ್ಕೆಗಿಂತ ಮೊದಲೇ ನಿಂತಿದೆ. ಸುಕ್ಕು ಬಂದಿರುವಲ್ಲಿ ಚುಕ್ಕೆ ದಾಟಿ ಒಂದೆರಡು ಹೊಲಿಗೆ ಮಾರ್ಜಿನ್ನಿಗೆ ನುಗ್ಗಿದೆ. ಸುಕ್ಕಿಗೆ ಆ ಒಂದೆರಡನ್ನು ಬಿಚ್ಚಿ ಇಸ್ತ್ರಿ ಒತ್ತಿ, ಬಹುಪಾಲು ಅಷ್ಟಕ್ಕೇ ಚಪ್ಪಟೆಯಾಗುತ್ತದೆ. ತೂತಿಗೆ ಹಿಂಬದಿಯಿಂದ ಕೈಸೂಜಿಯಲ್ಲಿ ಮೂರು ತುದಿಯನ್ನೂ ಹಿಡಿದು ಎರಡು ಹೊಲಿಗೆ. ಮುಂದೆ ಎಂದಾದರೂ ವೈ-ಸೀಮ್ ಮಾಡಲೇಬೇಕಾಗಿ ಬಂದರೆ ಬಟ್ಟೆ ತಿರುಗಿಸಿ ಒಂದೇ ಹೊಲಿಗೆಯಲ್ಲಿ ಮುಗಿಸುವ ಸಾಹಸ ಬೇಡ. ಮೂಲೆಗಳಲ್ಲಿ ಕಾಲು ಇಂಚಿನ ಚುಕ್ಕೆ ಗುರುತು ಮಾಡಿ, ಮೂರನೇ ಡೈಮಂಡಿನ ಎರಡು ಬದಿಯನ್ನು ಎರಡು ಬೇರೆ ಹೊಲಿಗೆಯಾಗಿ, ಎರಡು ಸಲವೂ ನಡುಚುಕ್ಕೆಯಿಂದ ಹೊರಕ್ಕೆ ಹೊಲಿಯಿರಿ.

ಒಂಬತ್ತನ್ನೂ ಒಂದಕ್ಕೊಂದು ಜೋಡಿಸುವ ಗೋಜಿಗೆ ಹೋಗಬೇಡಿ. ಆರು ಅಂಚನ್ನೂ ಕಾಲು ಇಂಚು ಒಳಕ್ಕೆ ಮಡಚಿ ಇಸ್ತ್ರಿ ಮಾಡಿ, ಒಂದೇ ಪ್ಲೇನ್ ಬಟ್ಟೆಯ ಮೇಲೆ ಅಪ್ಲಿಕ್ ಮಾಡಿ, ಅಂದರೆ ಮೇಲಿಟ್ಟು ಅಂಚು ಹೊಲಿಯಿರಿ. ಹಿನ್ನೆಲೆ ನಿಮ್ಮ ತಿಳಿ ಬಣ್ಣಕ್ಕಿಂತ ಗಾಢವಾಗಿ, ಗಾಢ ಬಣ್ಣಕ್ಕಿಂತ ತಿಳಿಯಾಗಿ, ನಡು ಬಣ್ಣಕ್ಕಿಂತಲೂ ಬೇರೆಯಾಗಿ ಇರಲಿ, ಇಲ್ಲದಿದ್ದರೆ ಒಂದು ಮುಖ ಅದರಲ್ಲಿ ಕರಗಿಹೋಗುತ್ತದೆ. ನಾಲ್ಕೈದನ್ನು ಕೆಳಗೆ ಗುಂಪಾಗಿ, ಉಳಿದವನ್ನು ಮೇಲಕ್ಕೆ ಹೋದಂತೆ ದೂರ ದೂರ ಇಟ್ಟು ನೋಡಿ. ಎಲ್ಲದರ ತಿಳಿ ಮುಖವೂ ಮೇಲಕ್ಕೇ ಇರಬೇಕಾಗಿಲ್ಲ, ಬೀಳುತ್ತಿರುವ ಪೆಟ್ಟಿಗೆ ಒಂದೆರಡು ಉರುಳಿಕೊಂಡಿದ್ದರೂ ನಡೆಯುತ್ತದೆ. ಹೊಲಿಯುವ ಮೊದಲು ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಬಾಗಿಲ ಬಳಿ ನಿಂತು ನೋಡಿ ಜಾಗ ಗೊತ್ತುಮಾಡಿ.